ಪಟ್ಟಿಯಲ್ಲಿರುವುದು ಮೂಟೆಯಲ್ಲಿದೆಯೇ?

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸೀತಾಂಗೋಳಿಯಲ್ಲಿ ಪರಿಚಯದ ವರ್ತಕರೊಬ್ಬರ ಅಂಗಡಿಗೆ ಇತ್ತೀಚೆಗೆ ಹೋಗಿದ್ದೆವು. ಅವರ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಲೆಕ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿದೆ. ಆ ಸಂತೋಷದಲ್ಲಿ ತಂದೆ ಅಂಗಡಿಯ ಲೆಕ್ಕದ ಪುಸ್ತಕವನ್ನು ಅವಳ ಕೈಗಿತ್ತರು. ಗಿರಾಕಿಯೊಬ್ಬರು ಹಿಂದಿರುಗಿಸಿದ ಮಾಲನ್ನು ಎಲ್ಲಿ ಬರೆಯಬೇಕೆಂದು ಅವಳಿಗೆ ತೋಚಲಿಲ್ಲ. ‘ಎರಡು ವರ್ಷದ ಫೀಸು ದಂಡ’ ಎಂದುಬಿಟ್ಟರು ತಂದೆ. ಹುಡುಗಿ ಮಾತನಾಡದೆ ಒಳಗೆ ಹೋದಳು.

ಅವಳನ್ನು ಕರೆದು ಪಠ್ಯಕ್ರಮವನ್ನೂ ತರಗತಿಯ ಕಿರುಪರೀಕ್ಷೆಗಳ ಪ್ರಶ್ನೆಗಳನ್ನೂ ತರಿಸಿ ನೋಡಿದೆವು. ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ವ್ಯವಹಾರಗಳನ್ನು ಲೆಕ್ಕದಲ್ಲಿ ದಾಖಲಿಸಬಲ್ಲನು ಎಂಬರ್ಥದ ಮಾತಿತ್ತು. ಪ್ರಶ್ನೆಗಳಲ್ಲಿ ಇದ್ದದ್ದು ಡೆಬಿಟ್ ಎಂದರೇನು, ಲೆಡ್ಜರಿನ ಪ್ರಯೋಜನಗಳಾವುವು, ಇಷ್ಟೇ. ಅವಳು ಬಾಯಿಪಾಠ ಮಾಡಿದಳು, ಅಂಕವೂ ಬಂತು. ಕೇಳದೇ ಇದ್ದುದನ್ನು ಅವಳು ಕಲಿತಿಲ್ಲವೆಂದು ಅವಳನ್ನು ಬೈದರೆ ಹೇಗೆ? ಆ ಕಾಲೇಜಿನ ಹೆಸರು ಇಲ್ಲಿ ಬೇಡ.

ನಮ್ಮ ಓದುಗರಲ್ಲಿ ಅನೇಕರು ಪದವಿ ಓದುವಾಗ ಕಾಸರಗೋಡಿನ ಕಾಲೇಜುಗಳು ಕಲ್ಲಿಕೋಟೆ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಕಣ್ಣೂರು ವಿಶ್ವವಿದ್ಯಾನಿಲಯ ಬಂದುದು 1996ರಲ್ಲಿ. ಆಗೆಲ್ಲ ಪಠ್ಯಕ್ರಮವೆಂದರೆ ಪಾಠಗಳ ಹೆಸರುಗಳ ಪಟ್ಟಿ. ವರ್ಷದ ಕೊನೆಗೊಂದು ದೊಡ್ಡ ಪರೀಕ್ಷೆ. ಈಗ ಹಾಗಿಲ್ಲ. 2024ರ ಜುಲೈ 1ರಂದು ಕೇರಳದಲ್ಲಿ ನಾಲ್ಕು ವರ್ಷಗಳ ಪದವಿ ಆರಂಭವಾಯಿತು. ಮೂರು ವರ್ಷಕ್ಕೆ 133 ಕ್ರೆಡಿಟ್ ಗಳಿಸಿ ಪದವಿ ಪಡೆದು ಹೊರಬರಬಹುದು. ನಾಲ್ಕನೆಯ ವರ್ಷವೂ ಓದಿ 177 ಮುಗಿಸಿದರೆ ಆನರ್ಸ್. ತರಗತಿಯ ಪಾಠವಾದರೆ 15 ಗಂಟೆಗೆ ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟ್ಟಿನ ವಿಷಯವೆಂದರೆ 60 ಗಂಟೆಯ ಪಾಠವೆಂದು ಲೆಕ್ಕ ಹಾಕಿಕೊಳ್ಳಿ.

ಹೊಸ ಪಠ್ಯಕ್ರಮದ ಮೊದಲ ಪುಟಗಳಲ್ಲಿ ಒಂದು ಕೋಷ್ಟಕ ಇರುತ್ತದೆ. ಈ ವಿಷಯ ಓದಿ ಮುಗಿಸಿದವರು ಏನು ಮಾಡಬಲ್ಲರು ಎಂಬುದನ್ನು ಅದರಲ್ಲಿ ಒಂದೊಂದಾಗಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಹಾಕಿರುತ್ತಾರೆ. ನೆನಪಿಡುವುದು, ಅರ್ಥಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದಾಗಿ ಮಾಡುವುದು ಎಂಬ ಆರು ಮೆಟ್ಟಿಲುಗಳಿಗೆ ಅವು ಸಂಕೇತ. ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಮಾಡಿದ ವಿಂಗಡಣೆಯನ್ನು 2001ರಲ್ಲಿ ತಿದ್ದಿದಾಗ ಬಂದ ರೂಪವಿದು. ಹೆಸರು ದೊಡ್ಡದು, ವಿಷಯ ಸರಳ. ಮಾಲು ಬಂದಾಗ ನಾವು ಬಿಲ್ಲನ್ನು ಕೈಯಲ್ಲಿ ಹಿಡಿದು ಮೂಟೆ ಬಿಚ್ಚುವುದಿಲ್ಲವೇ? ಕೋಷ್ಟಕವೇ ಬಿಲ್ಲು, ಪ್ರಶ್ನೆಪತ್ರಿಕೆಯೇ ಮೂಟೆ. ಬಿಲ್ಲಿನಲ್ಲಿ ‘ಬಳಸುವುದು’ ಎಂದಿದ್ದು ಮೂಟೆಯಲ್ಲಿ ಬರೀ ‘ನೆನಪಿಡುವುದು’ ಇದ್ದರೆ ಮಾಲು ಕಡಿಮೆ ಬಂದಿದೆ. ಇದನ್ನು ತಾಳೆ ನೋಡಲು ತಂದೆತಾಯಿಯರು ಬಿ.ಕಾಂ. ಓದಿರಬೇಕಾಗಿಲ್ಲ, ಕ್ರಿಯಾಪದಗಳನ್ನು ನೋಡಿದರೆ ಸಾಕು.

ಇದು ಈಗ ಮೊದಲಿಗಿಂತ ಮುಖ್ಯ. ಹಿಂದಿನ ಕ್ರಮದಲ್ಲಿ ಕಾಲೇಜಿನ ಒಳಗಿನ ಮೌಲ್ಯಮಾಪನಕ್ಕೆ ಶೇ. 20 ಅಂಕವಿತ್ತು, ಈಗ ಶೇ. 30. ಉಳಿದ 70 ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ. ಆ 30ರಲ್ಲಿ ಕೆಲಸ ಮಾಡಿಸಿ ನೋಡಲು ಅವಕಾಶವಿದೆ. ಆದರೆ ಗೈಡಿನಿಂದ ನಕಲು ಮಾಡಿದ ಅಸೈನ್‌ಮೆಂಟಿಗೆ ಅಂಕ ಹಾಕಿ ಮುಗಿಸಲೂ ಅದೇ ಅವಕಾಶ. ಪಠ್ಯಕ್ರಮದ ಶೇ. 20ರಷ್ಟನ್ನು ಅಧ್ಯಾಪಕರೇ ರೂಪಿಸಿಕೊಳ್ಳಬಹುದು ಎಂಬ ಏರ್ಪಾಡೂ ಇದೆ. ನಮ್ಮ ಕಡೆಯ ಅಡಕೆ ವ್ಯಾಪಾರ, 1973ರಲ್ಲಿ ಮಂಗಳೂರಿನಲ್ಲಿ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ, ಸಾಲದ ಖಾತೆ ಇವೆಲ್ಲ ಅಲ್ಲಿ ಪಾಠವಾಗಬಾರದೇಕೆ? ಅಧ್ಯಾಪಕರನ್ನು ಕಂಡು, ದೂರಿನ ದನಿಯಿಲ್ಲದೆ, ‘ನಮ್ಮ ಹಳೆಯ ಲೆಕ್ಕದ ಪುಸ್ತಕ ಕೊಡುತ್ತೇವೆ, ಮಕ್ಕಳಿಗೆ ತೋರಿಸಿ’ ಎಂದರೆ ಬೇಡವೆನ್ನುವವರು ಕಡಿಮೆ.

ಇನ್ನೊಂದು ಮಾತು ನಮ್ಮವರಿಗೇ. ಈ ಪದವಿಯಲ್ಲಿ 2 ಕ್ರೆಡಿಟ್ಟಿನ ಇಂಟರ್ನ್‌ಶಿಪ್ ಉಂಟು. ಅದಕ್ಕಾಗಿ ಯಾರದೋ ಮಗ ಬಂದು, ‘ನಿಮ್ಮಲ್ಲಿ ಕೆಲಸ ಕಲಿತೆನೆಂದು ಒಂದು ಸಹಿ ಹಾಕಿಕೊಡಿ’ ಎಂದು ಕೇಳುವುದುಂಟು. ಪರಿಚಯದವರ ಮಗನೆಂಬ ದಾಕ್ಷಿಣ್ಯಕ್ಕೆ ಹಾಕಿಕೊಡುವವರೂ ಇದ್ದಾರೆ. ಕಾಲೇಜು ಪೊಳ್ಳು ಅಂಕ ಕೊಟ್ಟಿತೆಂದು ದೂರುವ ಬಾಯಿ, ಕೆಲಸ ಮಾಡದವನಿಗೆ ಸಹಿ ಹಾಕುವ ಕೈ, ಎರಡೂ ಒಂದೇ ಅಂಗಡಿಯಲ್ಲಿದ್ದರೆ ಏನು ಹೇಳೋಣ?

ಈ ಮಾತನ್ನು ಅಲ್ಲಿಯೂ ಆಡಿದೆವು. ವರ್ತಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಳೆದ ವರ್ಷ ತಾವೂ ಇಬ್ಬರಿಗೆ ಹಾಗೆ ಬರೆದುಕೊಟ್ಟದ್ದುಂಟು ಎಂದರು. ಆಮೇಲೆ ಮಗಳನ್ನು ಕರೆದು, ಹಿಂದಿರುಗಿದ ಮಾಲಿನ ಚೀಟಿಯನ್ನು ಅವಳ ಮುಂದಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಸಿದರು. ನಾವು ಬಸ್ಸಿಗೆ ಹೊರಡುವಾಗ ಮೂರನೆಯ ಚೀಟಿ ನಡೆಯುತ್ತಿತ್ತು.