ಹೃದಯದ ಮಾತು: ಹೋಟೆಲಿನ ಹಳೆಯ ಕೈಗಳನ್ನು ಊರಿಗೆ ಕಳಿಸುವ ಮುನ್ನ



ಇಂದಿನ ಮಾತು ಹೋಟೆಲ್ ನಡೆಸುವವರಿಗೆ, ಅಲ್ಲಿ ದುಡಿಯುವವರಿಗೆ.

ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಅಂಥ ಹೋಟೆಲುಗಳನ್ನು ನಂಬಿ ಊರಿಂದ ಹುಡುಗರು ಬರುತ್ತಿದ್ದರು. ಒಬ್ಬ ಹೋದರೆ ಇನ್ನೊಬ್ಬ ಸಿಗುತ್ತಿದ್ದ. ಈಗ ಊರಿನ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಉಳಿದಿರುವುದು ಐವತ್ತು ದಾಟಿದ ಹಳೆಯ ಕೈಗಳು.

ದೇಶದ ಸರಾಸರಿ ಆಯಸ್ಸು 1970-75ರಲ್ಲಿ 49.7 ವರ್ಷ, 2016-20ರಲ್ಲಿ 70. ಇದರಲ್ಲಿ ದೊಡ್ಡ ಪಾಲು ಮಕ್ಕಳ ಸಾವು ಇಳಿದುದರಿಂದ ಬಂದದ್ದು, ನಿಜ. ಆದರೆ 60 ತಲುಪಿದವರಿಗೂ ಇಂದು ಸರಾಸರಿ ಇನ್ನೂ 18 ವರ್ಷಗಳ ಬಾಳಿದೆ. 58ಕ್ಕೆ ಕೈಗೆ ಒಂದಿಷ್ಟು ಹಣ ಕೊಟ್ಟು ಊರಿಗೆ ಕಳಿಸಿದರೆ ಆ ಹಣ ಎಷ್ಟು ದಿನ ಬಂದೀತು? ಅದು ಮುಗಿದಾಗ ಮೊದಲು ನಿಲ್ಲುವುದು ಬಿ.ಪಿ. ಮಾತ್ರೆ. ಪಾರ್ಶ್ವವಾಯು, ಹೃದಯಾಘಾತಗಳಿಗೆ ಅದೇ ದಾರಿ.

ಧಣಿಗಳೇ, ಮೂರು ಕೆಲಸ ಮಾಡಿ:

1. ಗಲ್ಲೆಯ ಪಕ್ಕ ಒಂದು ಬಿ.ಪಿ. ಯಂತ್ರ ಇಡಿ. 30 ದಾಟಿದವರೆಲ್ಲ ತಿಂಗಳಿಗೊಮ್ಮೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿಕೊಳ್ಳಲಿ. ಮತ್ತೆ ಮತ್ತೆ 140/90 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸಿ. ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ.

2. ಹಿರಿಯರ ಕೆಲಸ ಬದಲಿಸಿ. ಕಾವಲಿಯ ಮುಂದೆ ಹತ್ತು ಗಂಟೆ ನಿಲ್ಲಿಸಬೇಡಿ. ಹಿಟ್ಟಿನ ಹದ, ಸಾಂಬಾರಿನ ರುಚಿ ಅವರ ಕೈಯಲ್ಲಿದೆ, ಹೊಸಬರಿಗೆ ಕಲಿಸಲಿ. ರಾತ್ರಿ ಬಾಗಿಲು ಹಾಕಿದವರನ್ನೇ ನಸುಕಿಗೆ ಎಬ್ಬಿಸಬೇಡಿ.

3. ಕಾಗದಪತ್ರ ಸರಿ ಮಾಡಿ. 20 ಅಥವಾ ಹೆಚ್ಚು ಮಂದಿ ಇರುವಲ್ಲಿ ಪಿ.ಎಫ್. ಕಡ್ಡಾಯ. ಅದರ ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ತುಂಬಿದವರಿಗೆ 58ರಿಂದ ಪಿಂಚಣಿ ಬರುತ್ತದೆ. ಇ.ಎಸ್.ಐ.ಯಲ್ಲಿ ಕನಿಷ್ಠ 5 ವರ್ಷ ಇದ್ದು ವಯೋನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿಗೆ ಗಂಡ-ಹೆಂಡತಿ ಇಬ್ಬರಿಗೂ ಚಿಕಿತ್ಸೆ ಇದೆ. ಹೆಸರೇ ದಾಖಲಾಗದವರಿಗೆ ಇವೆರಡೂ ಇಲ್ಲ.

“ಬಾಡಿಗೆ ಏರಿದೆ ಡಾಕ್ಟ್ರೇ, ಲಾಭ ಎಲ್ಲಿದೆ?” ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ಮೂವತ್ತು ವರ್ಷದ ಭಟ್ಟರು ಹೋದರೆ ಅವರ ಹಿಂದೆಯೇ ರುಚಿ ಹೋಗುತ್ತದೆ, ರುಚಿಯ ಹಿಂದೆ ಗಿರಾಕಿ. ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಮಾತು. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಗಲ್ಲೆಯಲ್ಲಿ ಕೂರುವ ನಿಮಗೂ ವಯಸ್ಸಾಗಿದೆ. ಆ ಯಂತ್ರದ ಪಟ್ಟಿಯನ್ನು ಮೊದಲು ನಿಮ್ಮ ತೋಳಿಗೆ ಕಟ್ಟಿಕೊಳ್ಳಿ. ಧಣಿ ನೋಡಿಕೊಂಡರೆ ಉಳಿದವರೂ ತೋಳು ಚಾಚುತ್ತಾರೆ.

ಹೋಟೆಲ್ ಇರುವ ನಿಮ್ಮ ಬಂಧುಗಳಿಗೆ ಇದನ್ನು ಕಳುಹಿಸಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಮುಂಬಯಿ