ಸೀಮಂತಕ್ಕೆ ಲಿಸ್ಟ್ ಇದೆ, ಹೆರಿಗೆ ಬ್ಯಾಗಿಗೆ ಯಾಕಿಲ್ಲ?

ಭಾಗ 1/7

ಫೋಟೋದಲ್ಲಿರೋದು ನಮ್ಮನೆ ಹಳೇ ಏರ್‌ಬ್ಯಾಗ್. ಜಿಪ್ ಅರ್ಧ ಕಿತ್ತೋಗಿದೆ. ಮದುವೆ, ಧರ್ಮಸ್ಥಳ, ನನ್ನ ಹಾಸ್ಟೆಲ್, ಎಲ್ಲಾ ಕಡೆ ಸುತ್ತಿ ಬಂದಿದೆ. ಮೂರು ತಿಂಗಳ ಹಿಂದೆ ಒಂದು ರಾತ್ರಿ ಇದರೊಳಗೆ ಒಂದಷ್ಟು ಸಾಮಾನು ರೆಡಿ ಇರಬೇಕಿತ್ತು. ಇರ್ಲಿಲ್ಲ. ಅದಕ್ಕೇ ಈ ಸೀರೀಸ್.

ಅಕ್ಕನದು ಮೊದಲ ಹೆರಿಗೆ. ನಮ್ಮ ಕಡೆ ಪದ್ಧತಿ ನಿಮಗೂ ಗೊತ್ತು, ಮೊದಲನೇದು ತವರಲ್ಲೇ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಕರ್ಕೊಂಡು ಬಂದ್ವಿ. ಭಾವನಿಗೆ ಬೆಂಗಳೂರಲ್ಲಿ ಕೆಲಸ. ಡಾಕ್ಟರ್ ಕೊಟ್ಟ ಡೇಟ್‌ಗೆ ಇನ್ನೂ ಹದಿನೆಂಟು ದಿನ ಬಾಕಿ ಇತ್ತು. ರಾತ್ರಿ ಎರಡೂ ಮುಕ್ಕಾಲಿಗೆ ಅಕ್ಕ ನನ್ನ ರೂಮಿನ ಬಾಗಿಲು ತಟ್ಟಿದ್ಳು. "ಲೋ, ನೀರು ಹೋಗ್ತಿದೆ ಕಣೋ. ಅಮ್ಮನ್ನ ಎಬ್ಬಿಸು."

108ಕ್ಕೆ ಫೋನ್ ಮಾಡಿದೆ. ಗಾಡಿ ಬರೋ ಅಷ್ಟರಲ್ಲಿ ಅಮ್ಮ ಬೀರು ತೆಗೆದು ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದ್ರು. ಆಸ್ಪತ್ರೆಯಲ್ಲಿ ಬ್ಯಾಗ್ ತೆಗೆದ್ರೆ ಏನಿತ್ತು ಗೊತ್ತಾ? ಎರಡು ರೇಷ್ಮೆ ಬ್ಲೌಸ್, ನನ್ನ ಟ್ರ್ಯಾಕ್ ಪ್ಯಾಂಟ್, ಒಂದು ಬೆಡ್‌ಶೀಟ್, ಕುಂಕುಮದ ಭರಣಿ.

ನರ್ಸ್ ಕೇಳಿದ್ರು: "ಏನಪ್ಪಾ, ತಾಯಿ ಕಾರ್ಡ್ ಎಲ್ಲಿ? ಬ್ಲಡ್ ಗ್ರೂಪ್ ಏನು?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದ್ರು.

ನಂಗೆ ಆರ್‌ಸಿಬಿ ನೆಟ್ ರನ್ ರೇಟ್ ಮೂರು ಡೆಸಿಮಲ್‌ವರೆಗೂ ಗೊತ್ತಿತ್ತು. ಒಡಹುಟ್ಟಿದ ಅಕ್ಕನ ಬ್ಲಡ್ ಗ್ರೂಪ್ ಗೊತ್ತಿರ್ಲಿಲ್ಲ.

ಭಾಗ 2/7

ತಾಯಿ ಕಾರ್ಡ್ ಬೆಂಗಳೂರಲ್ಲಿತ್ತು. ಭಾವನ ಮನೆ ಬೀರುವಲ್ಲಿ, ಸ್ಕ್ಯಾನಿಂಗ್ ಫೈಲ್ ಜೊತೆ. ಸೀಮಂತದ ದಿನ ಕಾರಿಗೆ ಹನ್ನೊಂದು ತಟ್ಟೆ ಹಣ್ಣು, ಸಿಹಿ, ಬಳೆ ಎಲ್ಲಾ ಹತ್ತಿದ್ವು. ಫೈಲ್ ಮಾತ್ರ ಹತ್ತಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಗರ್ಭಿಣಿ ಅಂತ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನೋಂದಣಿ ಆದಾಗ ಕೊಡೋ ಪುಸ್ತಕ ತಾಯಿ ಕಾರ್ಡ್. ಬಿಪಿ, ಹಿಮೋಗ್ಲೋಬಿನ್, ತೂಕ, ಯಾವ ಇಂಜೆಕ್ಷನ್ ಯಾವತ್ತು ಹಾಕಿದ್ರು, ಎಲ್ಲಾ ಅದರಲ್ಲೇ ಬರೀತಾರೆ. ರಾತ್ರಿ ಡ್ಯೂಟಿಯಲ್ಲಿರೋ ಡಾಕ್ಟರ್ ನಿಮ್ಮಕ್ಕನ್ನ ಹಿಂದೆ ನೋಡೇ ಇರಲ್ಲ. ಅವರಿಗೆ ಒಂಬತ್ತು ತಿಂಗಳ ಕಥೆ ಹೇಳೋದು ಆ ಪುಸ್ತಕವೇ.

ಅಕ್ಕ ನೋವಲ್ಲೇ ಹೇಳಿದ್ಳು, "ಬಿ ನೆಗೆಟಿವ್... ಅನ್ಸುತ್ತೆ." ರಕ್ತವನ್ನ ಆಸ್ಪತ್ರೆಯವರು ಮತ್ತೆ ಟೆಸ್ಟ್ ಮಾಡೇ ಮಾಡ್ತಾರೆ, ಅದು ಸರಿ. ಆದ್ರೆ ನೆಗೆಟಿವ್ ಅಂದ ತಕ್ಷಣ ಬೇರೆ ಪ್ರಶ್ನೆ ಬಂತು: ಏಳನೇ ತಿಂಗಳಲ್ಲಿ ಆಂಟಿ-ಡಿ ಇಂಜೆಕ್ಷನ್ ಆಗಿದ್ಯಾ?

ತಾಯಿ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಆದ್ರೆ ತಾಯಿಯ ದೇಹ ಆ ರಕ್ತದ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಈ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಮುಂದಿನ ಮಗುವಿಗೆ ಅಪಾಯ. ಅದನ್ನ ತಡೆಯೋಕೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಕೊಡ್ತಾರೆ. ಇದೆಲ್ಲ ನಾನು ಕಲಿತಿದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ, ಕಾರಿಡಾರ್‌ನಲ್ಲಿ ನಿಂತ್ಕೊಂಡು.

ಭಾವನಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಫೋನ್ ಸೈಲೆಂಟ್. ಹನ್ನೆರಡನೇ ಸಲಕ್ಕೆ ಎತ್ತಿದ್ರು. "ಭಾವ, ಮೊದ್ಲು ಬೀರು ತೆಗೀರಿ. ಅಳೋದು ಆಮೇಲೆ." ನಾಲ್ಕೂ ಇಪ್ಪತ್ತಕ್ಕೆ ವಾಟ್ಸಾಪ್‌ನಲ್ಲಿ ಕಾರ್ಡಿನ ಫೋಟೋ ಬಂತು.

ಆರಕ್ಕೆ ಹತ್ತು ನಿಮಿಷ ಇರುವಾಗ ಹೆಣ್ಣು ಮಗು ಹುಟ್ತು. ಸುತ್ತೋಕೆ ಒಂದು ಮೆತ್ತನೆ ಬಟ್ಟೆ ಕೊಡಿ ಅಂದ್ರು. ನಮ್ಮ ಹತ್ರ ರೇಷ್ಮೆ ಬ್ಲೌಸ್ ಇತ್ತು. ಪಕ್ಕದ ಬೆಡ್‌ನವರ ಅಜ್ಜಿ ತಮ್ಮ ವೈರ್ ಬ್ಯಾಗಿಂದ ಒಗೆದು ಮಡಚಿಟ್ಟಿದ್ದ ಪಂಚೆ ತುಂಡು ತೆಗೆದುಕೊಟ್ರು. "ತಗಳಪ್ಪ, ನಮ್ಮತ್ರ ಆರೈತೆ."

ಕೂಲಿ ಕೆಲಸದ ಮನೆಯವರು ಅವರು. ಅವರ ವೈರ್ ಬ್ಯಾಗಲ್ಲಿ ಎಲ್ಲಾ ಇತ್ತು. ಡಿಗ್ರಿ ಓದೋರಿರೋ ನಮ್ಮನೆ ಬ್ಯಾಗಲ್ಲಿ ಏನೂ ಇರ್ಲಿಲ್ಲ.

ಭಾಗ 3/7

ಈಗ ಜಗಳಕ್ಕೆ ಬರ್ತೀನಿ.

ನಮ್ಮನೆ ಸೀಮಂತದ ಲಿಸ್ಟ್ ನಾನೇ ಬರೆದಿದ್ದು. ಹಸಿರು ಬಳೆ ಎಷ್ಟು ಡಜನ್, ಮಲ್ಲಿಗೆ ಎಷ್ಟು ಮಾರು, ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಬಾಳೆ ಎಲೆ, ಶಾಮಿಯಾನ, ಫೋಟೋಗ್ರಾಫರ್ ಅಡ್ವಾನ್ಸ್. ಎರಡು ಪುಟ. ಒಟ್ಟು ಖರ್ಚು 46,000. ಬ್ಯಾಲೆನ್ಸ್ ಟ್ಯಾಲಿ ಮಾಡಿದವನೂ ನಾನೇ.

ಹೆರಿಗೆಯ ಲಿಸ್ಟ್? ಅರ್ಧ ಪುಟಾನೂ ಇಲ್ಲ.

ಸೀಮಂತ ಬೇಡ ಅಂತ ನಾನು ಹೇಳ್ತಿಲ್ಲ. ಅವತ್ತು ಅಕ್ಕ ನಕ್ಕಷ್ಟು ಮದುವೆಯಲ್ಲೂ ನಕ್ಕಿರ್ಲಿಲ್ಲ. ಆದ್ರೆ ಊಟಕ್ಕೆ ಬಂದ ಇನ್ನೂರು ಜನರಲ್ಲಿ ಒಬ್ಬರಾದ್ರೂ "ಫೈಲ್ ತಗೊಂಡ್ಯಾ?" ಅಂತ ಕೇಳಿದ್ರಾ? ಗಂಡೋ ಹೆಣ್ಣೋ ಅಂತ ಹೊಟ್ಟೆ ನೋಡಿ ಭವಿಷ್ಯ ಹೇಳಿದವರು ಎಂಟು ಜನ. ಆ ಎಂಟು ಜನರಲ್ಲಿ ಹಿಮೋಗ್ಲೋಬಿನ್ ಎಷ್ಟು ಅಂತ ಕೇಳಿದವರು ಸೊನ್ನೆ.

ನಮ್ಮ ಆಡಿಟಿಂಗ್ ಮೇಡಂ ಯಾವಾಗ್ಲೂ ಹೇಳ್ತಾರೆ, ವೋಚರ್ ಇಲ್ದೇ ಎಂಟ್ರಿ ಇಲ್ಲ ಅಂತ. ನಾವು ಹಬ್ಬ ಮಾಡಿದ್ವಿ, ವೋಚರ್ ಮರೆತ್ವಿ.

ಭಾಗ 4/7

ಮೂರನೇ ಭಾಗ ಓದಿ ಒಬ್ಬ ಫ್ರೆಂಡ್ ಡಿಎಂ ಮಾಡಿದ: "ಮಗು ಹುಟ್ಟೋಕೆ ಮುಂಚೆ ಏನೂ ತಂದಿಡಬಾರದು ಮಚ್ಚಾ, ಒಳ್ಳೇದಲ್ಲ ಅಂತಾರೆ."

ಗೊತ್ತು. ನಮ್ಮನೆಯಲ್ಲೂ ಅದೇ ಮಾತು. ಅಜ್ಜಿ ಹೇಳಿದ್ರು, ಎಲ್ಲರೂ ಸುಮ್ಮನಾದ್ವಿ.

ಆ ಮಾತನ್ನ ನಾನು ಮೂಢನಂಬಿಕೆ ಅಂತ ನಕ್ಕು ತಳ್ಳಿಹಾಕಲ್ಲ. ನಮ್ಮಜ್ಜಿ ನಾಲ್ಕು ಹೆತ್ತು ಇಬ್ಬರನ್ನ ಉಳಿಸಿಕೊಂಡವರು. ಮೊದಲ ಮಗುವಿಗೆ ಅಂತ ಹೊಲಿದಿಟ್ಟ ಕುಲಾವಿ ಎಷ್ಟೋ ವರ್ಷ ಟ್ರಂಕಲ್ಲೇ ಇತ್ತಂತೆ. ಹಾಕ್ಕೊಳ್ಳೋ ಮಗು ಇರ್ಲಿಲ್ಲ. ಆ ಟ್ರಂಕ್ ತೆಗೆದಾಗೆಲ್ಲ ಏನನ್ಸಿರಬೇಡ? "ಮುಂಚೆ ತರಬೇಡಿ" ಅನ್ನೋದು ಅಂಥ ನೋವಿಂದ ಬಂದ ಮಾತು.

ಹೆರಿಗೆ ಆದ ಮೇಲೆ ಅಜ್ಜಿ ಹತ್ರ ಕೂತು ಕೇಳಿದೆ. "ಅಜ್ಜಿ, ಹೊಸದು ಬೇಡ, ಸರಿ. ಹಳೇದು ಇಟ್ಟಿದ್ರೆ ತಪ್ಪಾಗ್ತಿತ್ತಾ?"

"ಹಳೇದಕ್ಕೆ ಏನ್ ದೋಷನೋ ಮಗಾ? ನಿಮ್ಮ ತಾತನ ಪಂಚೆನೇ ಹರಿದು, ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ ಇಡ್ತಿದ್ವಿ."

"ಮತ್ತೆ ಈ ಸಲ ಯಾಕೆ ಇಡ್ಲಿಲ್ಲ?"

"ನನ್ನ ಯಾರ್ ಕೇಳಿದ್ರು?"

ನೋಡಿ, ಶಾಸ್ತ್ರ ನಮಗೆ ಅಡ್ಡ ಬರ್ಲೇ ಇಲ್ಲ. ನಮ್ಮ ಸೋಮಾರಿತನ ಶಾಸ್ತ್ರದ ಹಿಂದೆ ಬಚ್ಚಿಟ್ಕೊಂಡಿತ್ತು. ಹೊಸ ಬಟ್ಟೆ ತರಬೇಡಿ, ತೊಟ್ಟಿಲು ತರಬೇಡಿ, ನಿಮ್ಮಿಷ್ಟ. ಕಾಗದಕ್ಕೆ ಶಕುನ ಇಲ್ಲ. ಆಧಾರ್ ಜೆರಾಕ್ಸ್ ಮಾಡಿಸಿದ್ರೆ ಯಾವ ದೃಷ್ಟಿಯೂ ತಾಗಲ್ಲ.

ಭಾಗ 5/7

ಇನ್ನೊಂದು ಕಡೆ ನಮ್ಮ ರೀಲ್ಸ್ ಲೋಕ.

ಮನೆಗೆ ಬಂದ ಮೇಲೆ "ಹಾಸ್ಪಿಟಲ್ ಬ್ಯಾಗ್" ಅಂತ ಸರ್ಚ್ ಮಾಡಿದೆ. ಒಂದು ರೀಲ್‌ನಲ್ಲಿ ತೋರಿಸಿದ್ದನ್ನೆಲ್ಲ ಹಾಗೇ ಕಾರ್ಟ್‌ಗೆ ಹಾಕಿ ನೋಡಿದೆ. ತಾಯಿ ಮಗುವಿಗೆ ಒಂದೇ ಬಣ್ಣದ ಗೌನ್, ಮಗುವಿನ ಹೆಸರು ಬರೆಯೋ ಮರದ ಬೋರ್ಡ್, ಆರು ಬಣ್ಣದ ಪೌಚ್, ಹಾಲಿನ ಬಾಟಲ್, ಅದನ್ನ ಕುದಿಸೋ ಮೆಷಿನ್. 11,460 ರೂಪಾಯಿ. ಆ ಇಡೀ ರೀಲ್‌ನಲ್ಲಿ ತಾಯಿ ಕಾರ್ಡ್ ಇಲ್ಲ. ಬ್ಲಡ್ ರಿಪೋರ್ಟ್ ಇಲ್ಲ. ಒಂದು ಹಳೇ ಪಂಚೆಯೂ ಇಲ್ಲ.

ಆ ಬಾಟಲ್ ವಿಷಯ ಕಾಮರ್ಸ್‌ನವರಾದ ನಮಗೆ ಗೊತ್ತಿರಬೇಕು. ಭಾರತದಲ್ಲಿ 1992ರಿಂದ ಕಾನೂನಿದೆ: ಮಕ್ಕಳ ಹಾಲಿನ ಪುಡಿ, ಹಾಲಿನ ಬಾಟಲ್‌ಗಳ ಜಾಹೀರಾತು ಮಾಡೋ ಹಾಗಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು, ಆರು ತಿಂಗಳು ಎದೆಹಾಲು ಮಾತ್ರ, ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ಸಾಲದೇ ಹೋದ್ರೆ ಏನು ಮಾಡಬೇಕು ಅಂತ ಡಾಕ್ಟರ್ ಹೇಳ್ತಾರೆ. ರೀಲ್ ಹೇಳೋದಲ್ಲ. ಹಾಗೇ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸೋ ಪದ್ಧತಿಯೂ ಬ್ಯಾಗಿಂದ ಹೊರಗಿರಲಿ.

ಮಡಿಲು ಕಿಟ್ ಬಗ್ಗೆ ಅಮ್ಮಂದಿರನ್ನ ಕೇಳಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ನಮ್ಮ ರಾಜ್ಯ ಸರ್ಕಾರ ಕೊಡ್ತಿದ್ದ ಚೀಲ. ಅದರಲ್ಲಿ ಇದ್ದದ್ದು ಸೊಳ್ಳೆ ಪರದೆ, ಹೊದಿಕೆ, ಸೋಪು, ಬಾಚಣಿಗೆ, ಕೊಬ್ಬರಿ ಎಣ್ಣೆ, ಪ್ಯಾಡ್, ಹೊಟ್ಟೆಗೆ ಕಟ್ಟೋ ಬಟ್ಟೆ, ಮಗುವಿಗೆ ಟೋಪಿ, ಕಾಲುಚೀಲ, ಇಂಥವು. ಆ ಲಿಸ್ಟ್ ಮಾಡಿದವರಿಗೆ ವಾರ್ಡ್ ಹೇಗಿರುತ್ತೆ ಅಂತ ಗೊತ್ತಿತ್ತು. ರೀಲ್ ಮಾಡಿದವರಿಗೆ ಲೈಟಿಂಗ್ ಗೊತ್ತಿತ್ತು.

ಭಾಗ 6/7

ಈಗ ಹುಡುಗರಿಗೆ. ಸ್ಕ್ರೋಲ್ ಮಾಡಬೇಡಿ, ಇದು ನಮಗೇ.

"ಅದೆಲ್ಲ ಹೆಂಗಸರ ವಿಷಯ" ಅಂತ ನಾವು ದೂರ ನಿಲ್ತೀವಿ. ಹೊರಗಡೆ ಬರೆಯೋರೆಲ್ಲ ಗಂಡ ಬ್ಯಾಗ್ ರೆಡಿ ಮಾಡಬೇಕು ಅಂತಾರೆ. ಸರಿ, ಮಾಡ್ಲಿ. ಆದ್ರೆ ನಮ್ಮ ಕಡೆ ಮೊದಲ ಹೆರಿಗೆ ತವರಲ್ಲಿ. ಆ ರಾತ್ರಿ ಗಂಡ ಇನ್ನೂರು ಕಿಲೋಮೀಟರ್ ದೂರ ಮಲಗಿರ್ತಾನೆ. ಬಾಗಿಲು ತಟ್ಟಿ ಎಬ್ಬಿಸೋದು ತಮ್ಮನ್ನ. ಫಾರಂ ತುಂಬೋದು ತಮ್ಮ. ಔಷಧಿ ಚೀಟಿ ಹಿಡಿದು ಓಡೋದು ತಮ್ಮ. ಹಾಗಿದ್ಮೇಲೆ ಬ್ಯಾಗೂ ತಮ್ಮನದೇ.

ಅಕ್ಕ ಒಂಬತ್ತು ತಿಂಗಳು ಹೊತ್ತಿದ್ದಾಳೆ. ಲಿಸ್ಟನ್ನೂ ಅವಳೇ ತಲೆಯಲ್ಲಿ ಹೊರಬೇಕಾ?

ಎಂಟನೇ ತಿಂಗಳು ಮುಗಿಯೋದ್ರೊಳಗೆ ಬ್ಯಾಗ್ ಬಾಗಿಲ ಹತ್ರ ಇರ್ಲಿ. ಕೊಟ್ಟ ಡೇಟ್‌ಗೇ ಸರಿಯಾಗಿ ಹುಟ್ಟೋ ಮಕ್ಕಳು ತುಂಬಾ ಕಡಿಮೆ. ನನ್ನ ಲಿಸ್ಟ್ ಇದು, ಸೇವ್ ಮಾಡ್ಕೊಳ್ಳಿ:

ಮೊದಲು ಕಾಗದ. ತಾಯಿ ಕಾರ್ಡ್, ಎಲ್ಲಾ ಸ್ಕ್ಯಾನ್ ಮತ್ತು ರಕ್ತದ ರಿಪೋರ್ಟ್, ಗಂಡ ಹೆಂಡತಿ ಇಬ್ಬರ ಆಧಾರ್, ರೇಷನ್ ಕಾರ್ಡ್, ಅಕ್ಕನ ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್. ಎಲ್ಲದರ ಫೋಟೋ ಮೂರು ಜನರ ಫೋನಲ್ಲಿ.

ತಾಯಿಗೆ. ಮುಂದೆ ಗುಂಡಿ ಇರೋ ನೈಟಿ ಮೂರು, ದೊಡ್ಡ ಪ್ಯಾಡ್ ಎರಡು ಪ್ಯಾಕ್, ಒಳಉಡುಪು, ಟವೆಲ್, ಚಪ್ಪಲಿ, ಬ್ರಷ್, ಬಾಚಣಿಗೆ, ಸೋಪು, ಹಳೇ ಕಾಟನ್ ಸೀರೆ.

ಮಗುವಿಗೆ. ಒಗೆದು ಬಿಸಿಲಲ್ಲಿ ಒಣಗಿಸಿದ ಮೆತ್ತನೆ ಹತ್ತಿ ಬಟ್ಟೆ ಎಂಟು ಹತ್ತು ತುಂಡು, ಟೋಪಿ, ಕಾಲುಚೀಲ, ದಪ್ಪ ಹೊದಿಕೆ. ಹುಟ್ಟಿದ ಮಗುವಿಗೆ ಬೇಗ ಥಂಡಿ ಆಗುತ್ತೆ.

ಜೊತೆಗಿರೋರಿಗೆ. ಚಾಪೆ, ಫ್ಲಾಸ್ಕ್, ಎರಡು ಸ್ಟೀಲ್ ಲೋಟ, ಚಾರ್ಜರ್, ಚಿಲ್ಲರೆ ದುಡ್ಡು. ಬೆಳಗಿನ ಜಾವ ಟೀ ಅಂಗಡಿಯಲ್ಲಿ ನೆಟ್‌ವರ್ಕ್ ಇಲ್ಲ ಅಂದ್ರೆ ಸ್ಕ್ಯಾನರ್ ಇದ್ದೂ ಉಪಯೋಗ ಇಲ್ಲ.

ನಮ್ಮನೆಯಲ್ಲಿ ಇದ್ದದ್ದನ್ನ ಬಿಟ್ಟು ಹೊಸದಾಗಿ ತರಬೇಕಾಗಿದ್ದದ್ದಕ್ಕೆ ಲೆಕ್ಕ ಹಾಕಿದ್ರೆ 640 ರೂಪಾಯಿ.

ಭಾಗ 7/7

ಕೊನೇದು. ಕಾಗದ ಮೊದಲು ಅಂತ ಯಾಕೆ ಹಟ ಮಾಡ್ತಿದ್ದೀನಿ?

ಯಾಕಂದ್ರೆ ನಮ್ಮ ಹಕ್ಕುಗಳೆಲ್ಲ ಆ ಕಾಗದದಲ್ಲಿವೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದ್ರೂ, ಉಚಿತ. ಔಷಧಿ, ಟೆಸ್ಟ್, ರಕ್ತ, ಊಟ, ಹೋಗಿ ಬರೋ ಗಾಡಿ ಕೂಡ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000, ಎರಡನೇದು ಹೆಣ್ಣಾದ್ರೆ 6,000 ರೂಪಾಯಿ ಖಾತೆಗೇ ಬರುತ್ತೆ. ಕೇಳೋಕೆ ಕೈಯಲ್ಲಿ ದಾಖಲೆ ಬೇಕು. ಜನನ ನೋಂದಣಿ 21 ದಿನದೊಳಗೆ. ಅವತ್ತು ಆಸ್ಪತ್ರೆ ಫಾರಂನಲ್ಲಿ ಬರೆಯೋ ಹೆಸರಿನ ಸ್ಪೆಲ್ಲಿಂಗೇ ಜನನ ಪ್ರಮಾಣಪತ್ರಕ್ಕೆ ಹೋಗೋದು. ನಾನು ನಿದ್ದೆಗಣ್ಣಲ್ಲಿ ಭಾವನ ಇನಿಷಿಯಲ್ ತಪ್ಪು ಬರೆದಿದ್ದೆ. ಡಿಸ್ಚಾರ್ಜ್ ದಿನ ನೋಡಿ ಸರಿ ಮಾಡಿಸಿದ್ವಿ.

ಅಕ್ಕ, ಮಗು ಚೆನ್ನಾಗಿದ್ದಾರೆ. ಮಗುವಿನ ರಕ್ತ ಪಾಸಿಟಿವ್. ಆಂಟಿ-ಡಿ ಟೈಮಿಗೆ ಆಯ್ತು. ನಮ್ಮ ಅದೃಷ್ಟ. ಅದೃಷ್ಟಾನ ಪ್ಲಾನ್ ಅಂತ ಕರೆಯೋಕಾಗಲ್ಲ.

ನಮ್ಮ ಕ್ಲಾಸಿಗೆ ಒಂದು ರಿಕ್ವೆಸ್ಟ್. ನಾವು 62 ಜನ, ಎಲ್ಲರಿಗೂ 18 ದಾಟಿದೆ. ತೂಕ 45 ಕೆಜಿಗಿಂತ ಜಾಸ್ತಿ, ಹಿಮೋಗ್ಲೋಬಿನ್ 12.5 ಇದ್ದು ಆರೋಗ್ಯ ಸರಿ ಇದ್ರೆ ರಕ್ತ ಕೊಡಬಹುದು. ಗ್ರೂಪಲ್ಲಿ ಒಂದು ಶೀಟ್ ಹಾಕಿದ್ದೀನಿ. ಬ್ಲಡ್ ಗ್ರೂಪ್ ಗೊತ್ತಿದ್ದವರು ಬರೀರಿ, ಗೊತ್ತಿಲ್ಲದವರು ಟೆಸ್ಟ್ ಮಾಡಿಸಿ ಬರೀರಿ. ನೆಗೆಟಿವ್ ಇರೋರು ತಪ್ಪದೇ ಬರೀರಿ.

ಮತ್ತೆ, ನಿಮ್ಮನೆಯಲ್ಲಿ ಅಕ್ಕನೋ ಅತ್ತಿಗೆನೋ ಬಸುರಿ ಇದ್ರೆ ಇವತ್ತು ರಾತ್ರಿ ಊಟ ಆದ ಮೇಲೆ ಎರಡೇ ಪ್ರಶ್ನೆ ಕೇಳಿ. ತಾಯಿ ಕಾರ್ಡ್ ಎಲ್ಲಿದೆ? ಬ್ಲಡ್ ಗ್ರೂಪ್ ಏನು? ಅವರು ನಗಬಹುದು. ನಗಲಿ, ಕೇಳಿ.

ಆ ಪಂಚೆ ತುಂಡು ವಾಪಸ್ ಕೊಡೋಕೆ ಹೋದಾಗ ಪಕ್ಕದ ಬೆಡ್‌ನವರು ಡಿಸ್ಚಾರ್ಜ್ ಆಗಿ ಹೋಗಿದ್ರು. ಈಗ ಅದು ನಮ್ಮ ಏರ್‌ಬ್ಯಾಗಲ್ಲಿದೆ, ಒಗೆದು ಮಡಚಿ ಇಟ್ಟಿದ್ದೀವಿ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಹೆರಿಗೆ. ಬ್ಯಾಗ್ ರೆಡಿ ಮಾಡಿದವನು ನಾನು. ಜಿಪ್ ಕೂಡ ರಿಪೇರಿ ಆಯ್ತು.

#ಹೆರಿಗೆಬ್ಯಾಗ್ #ತಾಯಿಕಾರ್ಡ್ #ತಮ್ಮನಕೆಲಸ