ಹಳೇ ಜೈಲಿನ ಅಂಗಳದಲ್ಲಿ ಪ್ರಜಾಪ್ರಭುತ್ವ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ಬೆಂಗಳೂರು ನೋಡಲು ಹೋದವರು ವಿಧಾನಸೌಧದ ಎದುರು ಫೋಟೋ ತೆಗೆಸಿಕೊಳ್ಳುವುದುಂಟು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅದೇ ಜನ ನೂರು ಮಂದಿ ಕೂಡಿ, ಮನವಿಪತ್ರ ಹಿಡಿದು, "ನಮ್ಮ ಕೂಲಿಯ ಗತಿಯೇನು?" ಎಂದು ಕೇಳಲು ಅಲ್ಲೇ ನಿಂತರೆ ಪೋಲೀಸು ವ್ಯಾನು ಬರುತ್ತದೆ. ಪ್ರಜೆಗಳು ಬಾಯಿ ತೆರೆಯಲು ರಾಜಧಾನಿಯಲ್ಲಿ ಬೇರೆಯೇ ಜಾಗ ಗೊತ್ತುಮಾಡಿದ್ದಾರೆ. ಅದರ ಹೆಸರು ಫ್ರೀಡಂ ಪಾರ್ಕ್!

ಅದು ಹಳೇ ಸೆಂಟ್ರಲ್ ಜೈಲಿನ ಜಾಗ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಅಲ್ಲಿ ಉದ್ಯಾನ ಮಾಡಿ 2008ರಲ್ಲಿ ತೆರೆದರು. ಕಾವಲು ಗೋಪುರವೂ ಕೆಲವು ಕೋಣೆಗಳೂ ಇನ್ನೂ ಉಳಿದಿವೆ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ನಮ್ಮ ಸಮಾಜವಾದಿ ಮಧು ದಂಡವತೆ ಇಲ್ಲಿ ಬಂದಿಗಳಾಗಿದ್ದರು. ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಹಿಡಿದು ಇಲ್ಲಿಗೆ ತಂದರು. ಆಕೆಗೆ ಉಬ್ಬಸ. ತಿಂಗಳುಗಟ್ಟಲೆ ನರಳಿಸಿ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು; ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ನಮ್ಮೂರಿನಿಂದ ಹೋಗುವವರು ಲಾಲ್‌ಬಾಗಿನ ಹೂವು ನೋಡಿದ ಮೇಲೆ ಈ ಕೋಣೆಗಳನ್ನೂ ನೋಡಿ ಬರಲಿ.

ಅಂಥ ಜಾಗವನ್ನೇ ಈಗ ಪ್ರತಿಭಟನೆಯ ದೊಡ್ಡಿ ಮಾಡಿದ್ದಾರೆ. 2021ರ ಪೋಲೀಸು ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಎಲ್ಲವೂ ಇಲ್ಲಿಯೇ ಆಗಬೇಕು. ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು 2022ರಲ್ಲಿ ಹೈಕೋರ್ಟೂ ಹೇಳಿತು. ಕಾರಣ, ವಾಹನ ಸಂಚಾರಕ್ಕೆ ತೊಂದರೆ.

ಆಂಬುಲೆನ್ಸಿಗೆ ದಾರಿ ಬಿಡಬೇಕೆಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೆಂಗಳೂರಿನ ರಸ್ತೆಗಳು ಧರಣಿಯಿಲ್ಲದ ದಿನ ಖಾಲಿಯಿರುತ್ತವೆಯೇ? ಕುಂದಾಪುರದ ಶಾಸ್ತ್ರಿ ವೃತ್ತದ ಬಳಿ ಮೇಲ್ಸೇತುವೆ ವರ್ಷಗಟ್ಟಲೆ ಅರೆಬರೆಯಾಗಿ ನಿಂತಿತ್ತಲ್ಲ, ಆಗ ವಾಹನಗಳನ್ನು ತಡೆದವರು ಬೀಡಿ ಕಟ್ಟುವ ಹೆಂಗಸರೇ? ಚುನಾವಣೆ ಬಂದಾಗ ದೊಡ್ಡವರ ರೋಡ್ ಶೋಗೆ ಇಡೀ ರಸ್ತೆಯನ್ನೇ ಬಿಟ್ಟುಕೊಡುತ್ತಾರೆ. ಸಂಚಾರದ ಚಿಂತೆ ಹುಟ್ಟುವುದು ಬಡವ ರಸ್ತೆಗಿಳಿದಾಗ ಮಾತ್ರ.

ಪಾರ್ಕಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಮೈಸೂರು ಬ್ಯಾಂಕ್ ವೃತ್ತವಿದೆ. 1942ರ ಚಳವಳಿಯಲ್ಲಿ ಅಲ್ಲಿ ಸೇರಿದ ವಿದ್ಯಾರ್ಥಿಗಳ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರಿಗೆ ಅಲ್ಲಿ ಸ್ಮಾರಕವೂ ಇದೆ. ಅದೇ ವೃತ್ತದಲ್ಲಿ ಇಂದು ವಿದ್ಯಾರ್ಥಿಗಳು ಧರಣಿ ಕೂತರೆ ಅದು ಆದೇಶದ ಉಲ್ಲಂಘನೆ. ಹುತಾತ್ಮರಿಗೆ ಹಾರ, ಅವರ ದಾರಿ ಹಿಡಿದವರಿಗೆ ಮೊಕದ್ದಮೆ!

ದಿಲ್ಲಿಯ ಕಥೆಯೂ ಹೆಚ್ಚು ಬೇರೆಯಲ್ಲ. 1988ರಲ್ಲಿ ಟಿಕಾಯತರ ರೈತರು ಬೋಟ್ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಲಕ್ಷಗಟ್ಟಲೆ ಕೂತರು. ಆಮೇಲೆ ಜನರನ್ನು ಜಂತರ್ ಮಂತರಿಗೆ ತಳ್ಳಿದರು. 2017ರಲ್ಲಿ ಅಲ್ಲಿಯೂ ಬೇಡವೆಂದರು. ಸಂಪೂರ್ಣ ನಿಷೇಧ ಸಲ್ಲದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ನಮ್ಮವರಿಗೆ ಇದರ ಬಿಸಿ ಇನ್ನೂ ಹೆಚ್ಚು. ಬೆಂಗಳೂರು ಇಲ್ಲಿಂದ 400 ಕಿಲೋಮೀಟರಿಗೂ ದೂರ. ಹೋಗದೆ ಇರೋಣವೆಂದರೆ, 1979ರಲ್ಲಿ ಮಂಜೂರಾದ ವಾರಾಹಿ ಯೋಜನೆಯ ನೀರು ಕಾಲುವೆಗೆ ಬಂದದ್ದು 2015ರಲ್ಲಿ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿಯೇ ಹೋಯಿತು. ಕೂತಲ್ಲಿ ಕೂತು ಅರ್ಜಿ ಬರೆದರೆ ಇಷ್ಟೇ ಫಲ. ಬೀಡಿ, ಹಂಚು, ಗೇರುಬೀಜದ ಕೆಲಸದವರು ಒಂದು ದಿನದ ಕೂಲಿ ಬಿಟ್ಟು, ರಾತ್ರಿಯಿಡೀ ರೈಲಿನಲ್ಲಿ ಕೂತು ಹೋದರೆ ಸಿಗುವುದು ಬೇಲಿಯೊಳಗಿನ ಒಂದು ಮೂಲೆ. ಕೂಗು ಕೇಳುವುದು ಪೋಲೀಸರಿಗೆ, ಚಾ ಮಾರುವವನಿಗೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಹಗಲೂ ರಾತ್ರಿ ಅಲ್ಲಿಯೇ ಕೂತು, ನಾಲ್ಕನೆಯ ದಿನ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿಸಿಕೊಂಡ ಕಟ್ಟಡ ಅಲ್ಲಿಂದ ಎರಡು ಮೈಲಿಯೂ ಇಲ್ಲ!

ನಮ್ಮ ಒತ್ತಾಯವಿಷ್ಟು: 2021ರ ಆದೇಶವನ್ನು ಹಿಂದಕ್ಕೆ ಪಡೆಯಬೇಕು. ಅಧಿವೇಶನದ ದಿನಗಳಲ್ಲಿ ವಿಧಾನಸೌಧಕ್ಕೆ ಕೇಳಿಸುವ ಜಾಗದಲ್ಲಿ ಸಭೆಗೆ ಅವಕಾಶವಿರಬೇಕು. ಅಲ್ಲಿಯವರೆಗೆ ದಿನಕ್ಕೊಬ್ಬ ಮಂತ್ರಿ ಪಾರ್ಕಿಗೆ ಬಂದು, ನಿಂತು, ಮನವಿ ಸ್ವೀಕರಿಸಿ ರಸೀದಿ ಕೊಡಬೇಕು. ಕುಂದಾಪುರ, ಬೈಂದೂರು, ಉಡುಪಿ ಕ್ಷೇತ್ರಗಳ ಶಾಸಕರು ಈ ವಿಷಯವನ್ನು ಸದನದಲ್ಲಿ ಎತ್ತುವರೋ ಇಲ್ಲವೋ ತಿಳಿಸಲಿ. ಅವರ ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬಾರಲಿಲ್ಲವೆಂದೂ ಅಚ್ಚು ಹಾಕುತ್ತೇವೆ.